‘ದ್ಯಾನ್ ವಾಟ್?’ ಅಂದರು ಎಕ್ಸಾಮಿನರ್

ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ವೈವಾ. ಮಣ್ಣಿನ ತೇವ ನೋಡಿಕೊಂಡು ಪುಟ್ಟ ಪಂಪನ್ನು ತಾನೇ ಆನ್-ಆಫ್ ಮಾಡುವ ಸರ್ಕ್ಯೂಟ್ ಒಂದನ್ನು ನಾವು ನಾಲ್ವರು ಮಾಡಿದ್ದೆವು. ಮಾತಾಡುವ ಸರದಿ ನನ್ನದು. ಹಿಂದಿನ ರಾತ್ರಿ ಕನ್ನಡಿಯ ಮುಂದೆ ಉರು ಹೊಡೆದಿದ್ದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದೆ: ‘ಸರ್, ಅವರ್ ಸಿಸ್ಟಮ್ ಈಸ್ ಮೋರ್ ಬೆಟರ್ ಆ್ಯಂಡ್ ಮೋಸ್ಟ್ ಚೀಪೆಸ್ಟ್.’

ಹಿಂದೆ ನಿಂತಿದ್ದವರು ಕಿಸಕ್ಕನೆ ನಕ್ಕರು. ಎಕ್ಸಾಮಿನರ್ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಎರಡೇ ಪದ ಕೇಳಿದರು: ‘ದ್ಯಾನ್ ವಾಟ್?’ ಯಾವುದಕ್ಕಿಂತ?

ನನ್ನ ಬಳಿ ಉತ್ತರ ಇರಲಿಲ್ಲ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ‘ಡಿಗ್ರೀಸ್ ಆಫ್ ಕಂಪ್ಯಾರಿಸನ್’ ಅಂದರೆ ನಮಗೆ ಗುಡ್, ಬೆಟರ್, ಬೆಸ್ಟ್ ಎಂದು ಮಗ್ಗಿಯಂತೆ ಒಪ್ಪಿಸುವ ಪಾಠ. ಪರೀಕ್ಷೆಯಲ್ಲಿ ಅಂಕವೂ ಬಂದಿತ್ತು. ಬಾಯಿ ಬಿಟ್ಟಾಗ ಮಾತ್ರ ‘ಮೋರ್ ಬೆಟರ್’ ಬರುತ್ತಿತ್ತು. ಯಾಕೆ ಹೀಗೆ ಎಂದು ಅಂದು ರಾತ್ರಿ ಹಾಸ್ಟೆಲಿನಲ್ಲಿ ಕೂತು ಯೋಚಿಸಿದಾಗ ತಪ್ಪಿನ ಬೇರು ಸಿಕ್ಕಿದ್ದು ನನ್ನ ಕನ್ನಡದಲ್ಲಿ.

‘ಅಣ್ಣ ತಮ್ಮನಿಗಿಂತ ಎತ್ತರ’ ಅನ್ನುತ್ತೇವೆ. ಇಲ್ಲಿ ‘ಎತ್ತರ’ ಎಂಬ ಪದ ಬದಲಾಗುವುದೇ ಇಲ್ಲ. ಹೋಲಿಕೆಯ ಕೆಲಸವನ್ನೆಲ್ಲ ‘ಗಿಂತ’ ಮಾಡುತ್ತದೆ. ಅದು ಅಂಟಿಕೊಳ್ಳುವುದು ತಮ್ಮನಿಗೆ. ಇಂಗ್ಲಿಷಿನಲ್ಲಿ ‘ಟಾಲ್’ ಎಂಬ ಪದವೇ ‘ಟಾಲರ್’ ಆಗಿಬಿಡುತ್ತದೆ. ಹೀಗೆ ಬದಲಾಗುವ ಗುಣವಾಚಕದ ಅಭ್ಯಾಸ ನಮ್ಮ ಕಿವಿಗಿಲ್ಲ. ‘ಬೆಟರ್’ ಒಳಗೆ ‘ಹೆಚ್ಚು’ ಆಗಲೇ ಸೇರಿದೆ ಎಂದು ಅನ್ನಿಸುವುದಿಲ್ಲ. ‘ಇನ್ನೂ ಚೆನ್ನಾಗಿದೆ’ ಅನ್ನುವ ಹಾಗೆ ಒಂದು ‘ಮೋರ್’ ಸೇರಿಸಿಬಿಡುತ್ತೇವೆ.

ಇದು ಹೊಳೆದ ಮೇಲೆ ನಿಯಮ ನೆನಪಿಡುವುದು ಸುಲಭವಾಯಿತು. ಒಂದೇ ಉಚ್ಚಾರಾಂಶದ ಚಿಕ್ಕ ಪದಕ್ಕೆ ಬಾಲ: ಚೀಪ್, ಚೀಪರ್, ಚೀಪೆಸ್ಟ್. ‘ಈಸಿ’, ‘ಹ್ಯಾಪಿ’ಯಂಥ ಪದಗಳಿಗೂ ಬಾಲ: ಈಸಿಯರ್, ಈಸಿಯೆಸ್ಟ್. ‘ಎಫಿಶಿಯೆಂಟ್’, ‘ಎಕ್ಸ್‌ಪೆನ್ಸಿವ್’ನಂಥ ಉದ್ದದ ಪದಗಳ ಮುಂದೆ ಮೋರ್, ಮೋಸ್ಟ್. ಬಾಲ ಇದ್ದರೆ ಮೋರ್ ಬೇಡ, ಮೋರ್ ಇದ್ದರೆ ಬಾಲ ಬೇಡ. ಒತ್ತಿ ಹೇಳಬೇಕಿದ್ದರೆ ‘ಮಚ್ ಬೆಟರ್’ ಅನ್ನಬಹುದು. ‘ನನಗಿಂತ ಸೀನಿಯರ್’ ಎನ್ನುವಾಗ ‘ದ್ಯಾನ್’ ಬರುವುದಿಲ್ಲ, ಅದು ‘ಸೀನಿಯರ್ ಟು ಮಿ’. ‘ಒನ್ ಆಫ್ ದ ಬೆಸ್ಟ್’ ಆದ ಮೇಲೆ ಬಹುವಚನ: ‘ಸ್ಟೂಡೆಂಟ್ಸ್’.

ಆದರೆ ಎಕ್ಸಾಮಿನರ್ ಕೇಳಿದ್ದು ಬರೀ ವ್ಯಾಕರಣದ ಪ್ರಶ್ನೆ ಆಗಿರಲಿಲ್ಲ. ಕನ್ನಡದ ‘ಗಿಂತ’ ಒಂಟಿಯಾಗಿ ನಿಲ್ಲುವುದಿಲ್ಲ. ಯಾವುದಕ್ಕಿಂತ ಎಂದು ಹೇಳಲೇಬೇಕು. ಇಂಗ್ಲಿಷಿನಲ್ಲಿ ‘ಬೆಟರ್’ ಎಂದಷ್ಟೇ ಹೇಳಿ ಜಾರಿಕೊಳ್ಳಬಹುದು. ಜಾಹೀರಾತುಗಳು ಎಷ್ಟೋ ಸಲ ಮಾಡುವುದೂ ಅದನ್ನೇ. ಸೂಪರ್ಲೇಟಿವ್‌ಗೂ ಒಂದು ಬೇಲಿ ಬೇಕು. ಮುಳ್ಳಯ್ಯನಗಿರಿ ‘ದ ಹೈಯೆಸ್ಟ್ ಪೀಕ್’ ಎಂದರೆ ಸಾಲದು, ‘ಇನ್ ಕರ್ನಾಟಕ’ ಎನ್ನಬೇಕು. ಅದರ ಎತ್ತರ ಸುಮಾರು 1,930 ಮೀಟರ್. ಬೇಲಿಯನ್ನು ದಕ್ಷಿಣ ಭಾರತಕ್ಕೆ ಹಿಗ್ಗಿಸಿದರೆ ಪಟ್ಟ ಕೇರಳದ 2,695 ಮೀಟರ್ ಎತ್ತರದ ಆನಮುಡಿಗೆ ಹೋಗುತ್ತದೆ.

ನಮ್ಮ ಸರ್ಕ್ಯೂಟಿಗೆ ಬೇಲಿಯೂ ಇರಲಿಲ್ಲ, ‘ಗಿಂತ’ವೂ ಇರಲಿಲ್ಲ. ಯಾವುದರ ಜೊತೆಗೂ ಹೋಲಿಸಿ ನೋಡಿಯೇ ಇರಲಿಲ್ಲ. ವೈವಾ ಮುಗಿದಿತ್ತು, ಆದರೂ ಸುಮ್ಮನಿರಲಾಗಲಿಲ್ಲ. ಹಾಸ್ಟೆಲ್ ವರಾಂಡದಲ್ಲಿ ಒಂದೇ ಅಳತೆಯ ಎರಡು ಕುಂಡ ಇಟ್ಟು ಎರಡಕ್ಕೂ ಟೊಮೆಟೊ ಸಸಿ ನೆಟ್ಟೆವು. ಒಂದಕ್ಕೆ ಸರ್ಕ್ಯೂಟಿನ ನೀರು, ಇನ್ನೊಂದಕ್ಕೆ ಚೊಂಬಿನ ನೀರು. ಎಷ್ಟು ಹೋಯಿತೆಂದು ಹತ್ತು ದಿನ ಬರೆದಿಟ್ಟೆವು. ಮೊದಲ ನಾಲ್ಕು ದಿನ ಚೊಂಬಿಗಿಂತ ಸರ್ಕ್ಯೂಟೇ ಹೆಚ್ಚು ನೀರು ಸುರಿಯಿತು! ಮಣ್ಣು ಎಷ್ಟು ಒಣಗಿದರೆ ಪಂಪ್ ಆನ್ ಆಗಬೇಕು ಎಂದು ಪ್ರೋಗ್ರಾಮಿನಲ್ಲಿ ಕೊಟ್ಟಿದ್ದ ಮಿತಿಯೇ ತಪ್ಪಾಗಿತ್ತು. ‘ಮೋರ್ ಬೆಟರ್’ ಅಂದದ್ದು ನಿಜದಲ್ಲಿ ‘ವರ್ಸ್’ ಆಗಿತ್ತು. ಅದನ್ನು ಸರಿಮಾಡಿದ ಮೇಲೆ ಉಳಿದ ಆರು ದಿನ ಚೊಂಬಿಗಿಂತ ಕಡಿಮೆ ನೀರಿನಲ್ಲೇ ಸಸಿ ಹಸಿರಾಗಿತ್ತು.

ಮೊನ್ನೆ ಒಂದು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದರು. ‘ಇಟ್ ಯೂಸ್ಡ್ ಲೆಸ್ ವಾಟರ್ ದ್ಯಾನ್ ಹ್ಯಾಂಡ್ ವಾಟರಿಂಗ್, ಇನ್ ಒನ್ ಪಾಟ್, ಫಾರ್ ಸಿಕ್ಸ್ ಡೇಸ್’ ಎಂದೆ. ಒಂದೇ ಕುಂಡವೇ ಎಂದು ಕೇಳಿದರು. ಹೌದು ಎಂದೆ, ಮೊದಲ ನಾಲ್ಕು ದಿನದ ಕಥೆಯನ್ನೂ ಹೇಳಿದೆ. ಮುಂದಿನ ಕಾಲು ಗಂಟೆ ಸೆನ್ಸರಿನ ಬಗ್ಗೆಯೇ ಮಾತು ನಡೆಯಿತು. ಫಲಿತಾಂಶ ಇನ್ನೂ ಬಂದಿಲ್ಲ.

ರೆಸ್ಯೂಮೆ ಬರೆಯುತ್ತಿರುವ ಗೆಳೆಯರೇ, ಕಳಿಸುವ ಮೊದಲು ಪ್ರತಿಯೊಂದು ಬೆಟರ್, ಬೆಸ್ಟ್ ಪಕ್ಕ ನಿಂತು ಕನ್ನಡದಲ್ಲೇ ಕೇಳಿಕೊಳ್ಳಿ: ಯಾವುದಕ್ಕಿಂತ? ಎಲ್ಲಿ? ಉತ್ತರ ಇದ್ದರೆ ಉಳಿಸಿ. ನನ್ನ ರೆಸ್ಯೂಮೆಯಲ್ಲಿ ಮೂರು ‘ಬೆಸ್ಟ್’ ಇದ್ದವು. ಈಗ ಒಂದೂ ಇಲ್ಲ.