ಕಾಡುಜೇನು: ಶುದ್ಧತೆಯ ಲೆಕ್ಕಾಚಾರ

ಪೂಜೆಯ ಪಂಚಾಮೃತದಿಂದ ಮೊದಲ್ಗೊಂಡು ಆಯುರ್ವೇದ ಔಷಧಿಯ ಅನುಪಾನದವರೆಗೆ ಜೇನುತುಪ್ಪವು ನಮ್ಮ ಮನೆಗಳಲ್ಲಿ ಗೌರವದ ಸ್ಥಾನ ಪಡೆದಿದೆ. ಅದರಲ್ಲಿಯೂ ‘ಕಾಡುಜೇನು’ ಎಂಬ ಹೆಸರಿಗೆ ಮಾರುಕಟ್ಟೆಯಲ್ಲಿ ವಿಶೇಷ ಬೆಲೆಯುಂಟು. ಹೆಸರಿಗೆ ಬೆಲೆ ಬಂದೊಡನೆ ಕಲಬೆರಕೆಯೂ ಹಿಂದೆಯೇ ಬರುವುದು ವ್ಯಾಪಾರಲೋಕದ ಹಳೆಯ ಅನುಭವ. ಆದುದರಿಂದ ಇದನ್ನು ಮಾರುವ ವರ್ತಕರೂ ಕೊಳ್ಳುವ ಗ್ರಾಹಕರೂ ಶುದ್ಧತೆಯ ವಿಷಯವನ್ನು ಸ್ಪಷ್ಟವಾಗಿ ಅರಿತಿರುವುದು ಅವಶ್ಯಕ.

ಕಾಡುಜೇನಿನ ಸ್ವಭಾವ

ನಮ್ಮ ರಾಜ್ಯದಲ್ಲಿ ಕಾಡುಜೇನಿನ ಬಹುಪಾಲು ಹೆಜ್ಜೇನಿನಿಂದ ದೊರೆಯುತ್ತದೆ. ಎತ್ತರದ ಮರಗಳಲ್ಲಿ ಹಾಗೂ ಬಂಡೆಯ ಕಡಿದಾದ ಮುಖಗಳಲ್ಲಿ ಇದು ಗೂಡು ಕಟ್ಟುತ್ತದೆ. ಮರದ ಪೊಟರೆಗಳಲ್ಲಿ ವಾಸಿಸುವ ತುಡುವೆ ಜೇನನ್ನು ಪೆಟ್ಟಿಗೆಯಲ್ಲಿಯೂ ಸಾಕಬಹುದು. ಹೆಜ್ಜೇನನ್ನು ಹಾಗೆ ಸಾಕಲು ಬಾರದು. ಹೂವಿನ ಋತುವಿಗೆ ತಕ್ಕಂತೆ ತುಪ್ಪದ ಬಣ್ಣ, ರುಚಿಗಳು ಬದಲಾಗುತ್ತವೆ. ನೇರಳೆ ಹೂವಿನ ಜೇನಿಗೆ ತುಸು ಕಹಿಯಿರುತ್ತದೆ. ಪ್ರತಿವರ್ಷವೂ ಒಂದೇ ಬಣ್ಣ, ಒಂದೇ ರುಚಿ ಇರಬೇಕೆಂದು ಕಾಡುಜೇನಿನಿಂದ ನಿರೀಕ್ಷಿಸುವುದು ತರವಲ್ಲ.

ಮನೆಮದ್ದಿನಂತಹ ಪರೀಕ್ಷೆಗಳು

ನೀರಿಗೆ ಹಾಕಿದರೆ ತಳ ಸೇರಬೇಕು, ಬತ್ತಿಗೆ ಸವರಿದರೆ ಉರಿಯಬೇಕು, ಇರುವೆ ಮುತ್ತಬಾರದು ಎಂಬ ನಂಬಿಕೆಗಳು ಪ್ರಚಲಿತವಾಗಿವೆ. ಇವುಗಳಲ್ಲಿ ಯಾವುದೂ ಸಕ್ಕರೆ ಪಾಕವನ್ನು ಖಚಿತವಾಗಿ ಹಿಡಿದುಕೊಡಲಾರದು. ಗಟ್ಟಿಯಾಗಿ ಕಾಯಿಸಿದ ಪಾಕವೂ ನೀರಿನ ತಳ ಸೇರುತ್ತದೆ. ಇದಕ್ಕೆ ವಿರುದ್ಧವಾಗಿ, ತೇವಾಂಶ ಹೆಚ್ಚಿರುವ ಶುದ್ಧ ಹೆಜ್ಜೇನು ತೆಳ್ಳಗಿದ್ದು ಬೇಗನೆ ಕರಗುವುದರಿಂದ ‘ಕಲಬೆರಕೆ’ ಎಂಬ ಅಪವಾದಕ್ಕೆ ಗುರಿಯಾಗುತ್ತದೆ. ಜೇನು ಹರಳುಗಟ್ಟುವುದೂ ದೋಷವಲ್ಲ. ಅದರಲ್ಲಿರುವ ಗ್ಲೂಕೋಸಿನ ಸಹಜ ಗುಣ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇರಿಸಿದರೆ ಮತ್ತೆ ದ್ರವವಾಗುತ್ತದೆ.

ಕಾನೂನು ಮತ್ತು ಪ್ರಯೋಗಾಲಯ

ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಜೇನಿನ ತೇವಾಂಶ ಶೇ. 20ನ್ನು ಮೀರಬಾರದು, 27 ಡಿಗ್ರಿ ಉಷ್ಣತೆಯಲ್ಲಿ ಸಾಪೇಕ್ಷ ಸಾಂದ್ರತೆ 1.35ಕ್ಕಿಂತ ಕಡಿಮೆಯಿರಬಾರದು. ಅರ್ಥಾತ್ ಒಂದು ಲೀಟರ್ ಜೇನು ಕನಿಷ್ಠ 1 ಕೆ.ಜಿ. 350 ಗ್ರಾಂ ತೂಗಬೇಕು. ಬಾಟಲಿಯ ಲೆಕ್ಕದಲ್ಲಿ ಕೊಳ್ಳುವವರು ಒಮ್ಮೆ ತಕ್ಕಡಿಗೆ ಹಾಕಿ ನೋಡಿದರೆ ನೀರು ಹೆಚ್ಚಿರುವುದು ತಿಳಿದೀತು. ಆದರೆ ಗಟ್ಟಿ ಪಾಕವನ್ನು ತಕ್ಕಡಿಯೂ ಪತ್ತೆಹಚ್ಚದು.

ಕಬ್ಬು ಹಾಗೂ ಮೆಕ್ಕೆಜೋಳದ ಸಕ್ಕರೆಯನ್ನು ಪ್ರಯೋಗಾಲಯದಲ್ಲಿ ಐಸೋಟೋಪ್ ಪರೀಕ್ಷೆಯಿಂದ ಗುರುತಿಸಬಹುದು. ಅಕ್ಕಿಯ ಪಾಕವು ಆ ಪರೀಕ್ಷೆಯಿಂದ ತಪ್ಪಿಸಿಕೊಳ್ಳಬಲ್ಲದು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎನ್.ಎಂ.ಆರ್. ಎಂಬ ಉನ್ನತ ಪರೀಕ್ಷೆಗೆ ಒಳಪಡಿಸಿದ 13 ಬ್ರಾಂಡ್‌ಗಳಲ್ಲಿ ತೇರ್ಗಡೆಯಾದವು 3 ಮಾತ್ರ. ಕಂಪನಿಗಳು ಈ ವರದಿಯನ್ನು ಅಲ್ಲಗಳೆದವು. ಅದೇನೇ ಇದ್ದರೂ, ಇಂತಹ ದುಬಾರಿ ಪರೀಕ್ಷೆಯನ್ನು ಪ್ರತಿ ಡಬ್ಬಿಗೂ ಮಾಡಿಸುವುದು ಸಣ್ಣ ವರ್ತಕರಿಗೆ ಅಸಾಧ್ಯ.

ಲೆಕ್ಕಪತ್ರವೇ ರಕ್ಷೆ

ಹಾಗಾದರೆ ವರ್ತಕನಿಗೆ ಉಳಿದಿರುವ ದಾರಿ ಯಾವುದು? ಉತ್ತರವು ಅವನ ಲೆಕ್ಕದ ಪುಸ್ತಕದಲ್ಲಿಯೇ ಇದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 26ನೆಯ ಕಲಮಿನಂತೆ, ಆಹಾರ ವಸ್ತುವನ್ನು ವರ್ತಕನಿಗೆ ಮಾರುವವರು ಅದರ ಗುಣಮಟ್ಟದ ಬಗ್ಗೆ ಲಿಖಿತ ಖಾತರಿ ನೀಡಬೇಕು. ಬಿಲ್ಲು ಅಥವಾ ಇನ್‌ವಾಯ್ಸನ್ನೇ ಅಂತಹ ಖಾತರಿಯೆಂದು ಪರಿಗಣಿಸಲಾಗುತ್ತದೆ. ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡ ಜೇನಿಗೆ ಈ ಆಸರೆಯಿಲ್ಲ. ಕಳಪೆ ಗುಣಮಟ್ಟದ ಆಹಾರ ಮಾರಿದಲ್ಲಿ ಇದೇ ಕಾಯಿದೆಯಡಿ 5 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ ಎಂಬುದನ್ನು ಮರೆಯಲಾಗದು.

ಸಂಗ್ರಾಹಕರಿಂದ ನೇರವಾಗಿ ಕೊಳ್ಳುವಾಗ ದಿನಾಂಕ, ಸ್ಥಳ, ತೂಕ ಮತ್ತು ಪಾವತಿಸಿದ ಮೊತ್ತವನ್ನು ನಮೂದಿಸಿದ ಖರೀದಿ ಚೀಟಿಯನ್ನು ಇಡತಕ್ಕದ್ದು. ಪ್ರತಿ ಕಂತಿಗೂ ಸಂಖ್ಯೆ ನೀಡಿ, ಒಂದು ಮಾದರಿಯನ್ನು ಮೊಹರು ಮಾಡಿ ತೆಗೆದಿರಿಸುವುದು ಲೇಸು. ವರ್ಷಾಂತ್ಯದ ದಾಸ್ತಾನು ತಾಳೆಯೂ ಉತ್ತಮ ಪರೀಕ್ಷೆಯೇ. 100 ಕೆ.ಜಿ. ಕೊಂಡ ಜೇನು ಸೋಸಿದ ಬಳಿಕ ಅದಕ್ಕಿಂತ ಕಡಿಮೆಯಾಗಬೇಕು. ಮಾರಾಟವು 110 ಕೆ.ಜಿ. ಎಂದು ತೋರಿದರೆ ಉಳಿದ ತೂಕ ಎಲ್ಲಿಂದ ಬಂತೆಂದು ಯಾವ ಜೇನುನೊಣವೂ ಸಾಕ್ಷಿ ಹೇಳಲು ಬಾರದು.

ದಿನಬಳಕೆಯಲ್ಲಿ

ಒಣಕೆಮ್ಮಿಗೆ ಒಂದು ಚಮಚ ಜೇನು ಹಿತಕರ. ಶುಂಠಿರಸ, ತುಳಸಿರಸಗಳೊಡನೆ ಸೇವಿಸುವುದು ನಮ್ಮಲ್ಲಿ ರೂಢಿ. ಆದರೆ ಒಂದು ವರ್ಷ ತುಂಬದ ಶಿಶುಗಳಿಗೆ ಜೇನನ್ನು ನೆಕ್ಕಿಸಲೂ ಕೂಡದು. ಅದರಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಜೇನು ಬಹುತೇಕ ಸಕ್ಕರೆಯೇ ಆದ್ದರಿಂದ ಮಧುಮೇಹಿಗಳು ವೈದ್ಯರ ಸಲಹೆ ಪಡೆಯಬೇಕು. ಜೇನು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಗಾಜಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಒದ್ದೆ ಚಮಚ ಸಲ್ಲದು. ನೀರು ಹೆಚ್ಚಾದರೆ ಹುಳಿಯುತ್ತದೆ.

ಬೆಲೆಯ ಹಿಂದಿನ ಬದುಕು

2006ರ ಅರಣ್ಯ ಹಕ್ಕು ಕಾಯಿದೆಯು ಜೇನನ್ನು ಕಿರು ಅರಣ್ಯ ಉತ್ಪನ್ನಗಳ ಸಾಲಿಗೆ ಸೇರಿಸಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ರಾತ್ರಿಯ ಕತ್ತಲಲ್ಲಿ ಎತ್ತರದ ಮರವೇರಿ ಪ್ರಾಣದ ಹಂಗು ತೊರೆದು ತಂದ ಜೇನು, ಕಾರ್ಖಾನೆಯ ಪಾಕದೊಡನೆ ಬೆಲೆಯಲ್ಲಿ ಸ್ಪರ್ಧಿಸಲಾರದು. ಪಾಕ ಬೆರೆತ ಬಾಟಲಿ ಅಗ್ಗವಾಗಿ ಮಾರಾಟವಾದಂತೆಲ್ಲ ಈ ಶ್ರಮಿಕರಿಗೆ ಸಲ್ಲಬೇಕಾದ ಬೆಲೆ ಇಳಿಯುತ್ತದೆ. ರಟ್ಟನ್ನು ಪೂರ್ತಿ ಹಿಂಡದೆ, ತುಪ್ಪವಿರುವ ಭಾಗವನ್ನಷ್ಟೇ ಕೊಯ್ದು ತಂದ ಶುಚಿಯಾದ ಜೇನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನೊಣದ ಸಂತತಿಯೂ ಉಳಿದೀತು.

ವರ್ತಕ ಬಾಂಧವರು ಬಿಲ್ಲು ಕೇಳಿ ಕೊಳ್ಳಲಿ, ಬಿಲ್ಲು ಕೊಟ್ಟು ಮಾರಲಿ. ಗ್ರಾಹಕರೂ ಬಾಟಲಿಯ ಮೇಲಿನ ಚಿತ್ರಕ್ಕಿಂತ ಅದು ಬಂದ ದಾರಿಯನ್ನು ವಿಚಾರಿಸುವ ಅಭ್ಯಾಸ ಬೆಳೆಸಿಕೊಳ್ಳಲಿ.