ಬಟ್ಟೆಗಳು ಸಾಕ್ಷಿ ನುಡಿಯುವ ಊರು

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬೀಳುತ್ತದೆ. ಬಸ್ಸು, ಆಟೋ, ಬೈಕುಗಳು ಜೀಬ್ರಾ ಪಟ್ಟೆಯ ಅಂಚಿಗೆ ಮುನ್ನುಗ್ಗಿ ಬಂದು ನಿಲ್ಲುತ್ತವೆ. ಫುಟ್‌ಪಾತಿನಿಂದ ಒಂದಷ್ಟು ಹುಡುಗಿಯರು ರಸ್ತೆಗಿಳಿಯುತ್ತಾರೆ. ದಾಟಿಕೊಂಡು ಆಚೆ ಬದಿಗೆ ಹೋಗುವುದಿಲ್ಲ. ಪಟ್ಟೆಗಳ ಮೇಲೆ ಸಾಲಾಗಿ, ವಾಹನಗಳಿಗೆ ಮುಖ ಮಾಡಿ ನಿಂತುಬಿಡುತ್ತಾರೆ. ಒಬ್ಬೊಬ್ಬರ ಎದೆಯ ಮೇಲೆ ಒಂದೊಂದು ದೊಡ್ಡ ಇಂಗ್ಲಿಷ್ ಅಕ್ಷರ. ಕೂಡಿಸಿಕೊಂಡು ಓದಿದರೆ ಒಂದು ಪ್ರಶ್ನೆ: ನನ್ನನ್ನೇಕೆ ನೋಡುತ್ತಿದ್ದೀಯ? ಘೋಷಣೆಯಿಲ್ಲ, ಬಾವುಟವಿಲ್ಲ, ಮೈಕಿಲ್ಲ. ಹುಡುಗಿಯರು ಸುಮ್ಮನೆ ನೋಡುತ್ತಾರೆ. ಪ್ರಶ್ನೆಯನ್ನು ಓದಬೇಕಾದರೆ ಬೈಕಿನವನು ಅವರ ಎದೆಯತ್ತ ಕಣ್ಣು ಹಾಯಿಸಲೇಬೇಕು. ಓದಿ ಮುಗಿಸಿದ ಕೂಡಲೇ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಪೆಟ್ರೋಲ್ ಟ್ಯಾಂಕಿನ ಕಡೆ ತಲೆ ತಗ್ಗಿಸಬೇಕು. ಹಸಿರು ದೀಪ ಬರುವ ಹೊತ್ತಿಗೆ ಹುಡುಗಿಯರು ಫುಟ್‌ಪಾತಿಗೆ ಮರಳಿರುತ್ತಾರೆ. ಮತ್ತೆ ಕೆಂಪು ಬಿದ್ದರೆ ಮತ್ತೆ ಇಳಿಯುತ್ತಾರೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರು ಕಂಡ ಚಿತ್ರವಿದು. ಇದರ ಹಿಂದಿದ್ದದ್ದು ‘ಬ್ಲ್ಯಾಂಕ್ ನಾಯ್ಸ್’. ಕೋಲ್ಕತ್ತದಿಂದ ಇಲ್ಲಿಗೆ ಓದಲು ಬಂದ ಜಸ್ಮೀನ್ ಪಠೇಜಾ, ಯಲಹಂಕದ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯಲ್ಲಿ ವಿದ್ಯಾರ್ಥಿನಿಯಾಗಿದ್ದಾಗ, 2003ರಲ್ಲಿ ಶುರುಮಾಡಿದ ಕೆಲಸ. ಹೊಸ ಊರಿನ ರಸ್ತೆಗಳಲ್ಲಿ ನಡೆಯುವಾಗ ಮೈ ತಾಕಿಸಿ ಹೋಗುವವರು, ಹಿಂದೆಯೇ ಬರುವವರು, ಮಾತೆಸೆಯುವವರು. ಅದನ್ನು ಹೇಳಿಕೊಂಡರೆ ಗೆಳೆಯರಿಂದ ಬರುತ್ತಿದ್ದ ಉತ್ತರ, ಇದೆಲ್ಲ ಇದ್ದದ್ದೇ. ಈ ‘ಇದ್ದದ್ದೇ’ ಎಂಬ ಉತ್ತರವೇ ಅವರನ್ನು ಕೆಣಕಿತು. ಸಹಪಾಠಿ ಹುಡುಗಿಯರನ್ನು ಕೂರಿಸಿಕೊಂಡು, ಸಾರ್ವಜನಿಕ ಜಾಗ ಎಂದರೆ ಮನಸ್ಸಿಗೆ ಬರುವ ಮಾತುಗಳನ್ನೆಲ್ಲ ಹೇಳಿ ಎಂದರು. ಹುಡುಗಿಯರಿಗೆ ಹೊಳೆದ ಮಾತುಗಳಲ್ಲಿ ಹೆಚ್ಚಿನವು ಭಯದ ಸುತ್ತಲೇ ಇದ್ದವು. ಅದೇ ಮೊದಲ ಕಲಾಕೃತಿ ಎನ್ನಬೇಕು. ಗೋಡೆಗೆ ತೂಗುಹಾಕುವಂಥದ್ದು ಅದರಲ್ಲೇನೂ ಇರಲಿಲ್ಲ.

ಇಲ್ಲಿ ಕಲಾವಿದೆ ಚಿತ್ರ ಬರೆದು ಕೊಡುವುದಿಲ್ಲ, ಬಂದವರೇ ಕೃತಿಯನ್ನು ಕಟ್ಟುತ್ತಾರೆ. ಹಾಗೆ ಬಂದವರನ್ನು ಬ್ಲ್ಯಾಂಕ್ ನಾಯ್ಸ್ ‘ಆ್ಯಕ್ಷನ್ ಹೀರೋ’ ಎಂದು ಕರೆಯುತ್ತದೆ. ಹೀರೋ ಬಂದು ನಾಲ್ಕು ಜನ ರೌಡಿಗಳಿಗೆ ಬಾರಿಸುವವರೆಗೂ ಹೀರೋಯಿನ್ ಕಿರುಚುತ್ತಾ ನಿಲ್ಲಬೇಕಾದ ಸಿನಿಮಾಗಳನ್ನು ನೋಡಿಯೇ ಬೆಳೆದವರು ನಾವು. ಅಂಥ ನಾಡಿನಲ್ಲಿ, ಸಂಜೆ ಏಳರ ಮೇಲೆ ಒಬ್ಬಳೇ ನಿಧಾನವಾಗಿ ನಡೆದುಹೋದ ಹುಡುಗಿಗೆ ಆ ಹೆಸರು ಸಲ್ಲುವುದು ನನಗೆ ಬಹಳ ಹಿಡಿಸಿತು.

ಯಲಹಂಕದ ಒಂದು ಓಣಿಯ ಕತೆ ಹೇಳಬೇಕು. ಕಾಲೇಜಿನ ಹುಡುಗಿಯರು ಅದಕ್ಕೆ ಇಟ್ಟಿದ್ದ ಅಡ್ಡಹೆಸರು ‘ರೇಪಿಸ್ಟ್ ಲೇನ್’. ಕತ್ತಲು, ನಿರ್ಜನ, ಆ ಕಡೆ ಹೋಗಬೇಡ ಎಂದು ಹಿರಿಯ ವಿದ್ಯಾರ್ಥಿನಿಯರು ಕಿರಿಯರಿಗೆ ದಾಟಿಸುತ್ತಿದ್ದ ಎಚ್ಚರಿಕೆ. 2012ರಲ್ಲಿ ಆ ಓಣಿಯಲ್ಲೇ ಮೇಜುಗಳನ್ನು ಹಾಕಲಾಯಿತು. ಪ್ರತಿ ಮೇಜಿಗೆ ಎದುರುಬದುರು ಎರಡು ಕುರ್ಚಿ. ಒಂದರಲ್ಲಿ ಹುಡುಗಿ. ಇನ್ನೊಂದು ದಾರಿಹೋಕನಿಗೆ. ಟೀ, ಸಮೋಸ. ಬನ್ನಿ, ಕೂತು ಮಾತಾಡಿ ಎಂಬ ಕರೆ.

ಕಣ್ಣಿಗೆ ಕಟ್ಟಿಕೊಳ್ಳಿ. ಕೆಲಸ ಮುಗಿಸಿ ಮನೆಗೆ ಹೊರಟ ಗಂಡಸು ಅನುಮಾನದಿಂದಲೇ ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ಎದುರಿಗಿರುವವಳು ಗುರುತಿನವಳಲ್ಲ, ಬೈಯುತ್ತಿಲ್ಲ, ಏನನ್ನೂ ಮಾರುತ್ತಿಲ್ಲ. ಮಾತು ಊರಿನಿಂದ ಶುರುವಾಗಿ ಮನೆ, ದುಡಿಮೆ, ಪ್ರೀತಿ, ಹೆದರಿಕೆಗಳ ಕಡೆಗೆ ಹರಿಯುತ್ತದೆ. ಲೈಂಗಿಕ ಕಿರುಕುಳದ ವಿಷಯವನ್ನು ಆಕೆ ಬೇಕೆಂದೇ ಎತ್ತುವುದಿಲ್ಲ. ಏಳುವಾಗ ಅವನ ಕೈಗೊಂದು ಹೂವು ಕೊಡುತ್ತಾಳೆ. ನಮ್ಮಲ್ಲಿ ಹೆಣ್ಣುಮಗಳಿಗೆ ‘ಅಪರಿಚಿತರ ಜತೆ ಮಾತಾಡಬೇಡ’ ಎಂಬ ಪಾಠ ಅಕ್ಷರಾಭ್ಯಾಸಕ್ಕೂ ಮೊದಲೇ ಆಗಿರುತ್ತದೆ. ಗಂಡಸಿಗೂ ಅಪರಿಚಿತ ಹೆಣ್ಣಿನೊಂದಿಗೆ ಸರಿಸಮವಾಗಿ ಕೂತು ಮಾತಾಡುವುದನ್ನು ಯಾರೂ ಕಲಿಸಿರುವುದಿಲ್ಲ. ಆ ಓಣಿಯಲ್ಲಿ ಇಬ್ಬರೂ ಹೊಸದಾಗಿ ಕಲಿಯುತ್ತಿದ್ದರು. ಓಣಿಗೆ ದೀಪ ಹಾಕಿಸಿ, ಪೊಲೀಸರನ್ನು ನಿಲ್ಲಿಸಿ ಎಂಬ ಬೇಡಿಕೆ ಸರಿಯಾದದ್ದೇ. ಆದರೆ ಈ ಟೀ ಮೇಜು ಮಾಡಿದ ಕೆಲಸ ಬೀದಿದೀಪದಿಂದ ಆಗುವುದಿಲ್ಲ.

ಇನ್ನು ಕಬ್ಬನ್ ಪಾರ್ಕು. ಮಧ್ಯಾಹ್ನ ಎರಡರ ಹೊತ್ತಿಗೆ ಅಲ್ಲಿ ಹೋಗಿ ನೋಡಿದರೆ ಬಿದಿರು ಮೆಳೆಗಳ ನೆರಳಿನಲ್ಲಿ, ಕಲ್ಲುಬೆಂಚುಗಳ ಮೇಲೆ ಗಂಡಸರು ಗಡದ್ದಾಗಿ ನಿದ್ದೆಹೋಗಿರುತ್ತಾರೆ. ಬಾಡಿಗೆ ನಡುವೆ ಬಿಡುವು ಮಾಡಿಕೊಂಡ ಆಟೋ ಚಾಲಕ, ರಾತ್ರಿಪಾಳಿ ಮುಗಿಸಿದ ಸೆಕ್ಯುರಿಟಿಯವನು, ಹೈಕೋರ್ಟಿನ ಕೆಲಸಕ್ಕೆಂದು ದೂರದೂರಿನಿಂದ ಬಂದ ಕಕ್ಷಿದಾರ. ತಲೆಗೆ ಚೀಲ, ಮುಖಕ್ಕೆ ಕರ್ಚೀಫು. ಹೆಂಗಸರೂ ಇರುತ್ತಾರೆ, ಆದರೆ ಎಚ್ಚರವಾಗಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು. 2014ರಿಂದ ಬ್ಲ್ಯಾಂಕ್ ನಾಯ್ಸ್ ‘ಮೀಟ್ ಟು ಸ್ಲೀಪ್’ ಎಂದು ಹೆಂಗಸರನ್ನು ಪಾರ್ಕಿಗೆ ಕರೆಯತೊಡಗಿತು. ಬನ್ನಿ, ಮಲಗೋಣ. ಮಾಡಬೇಕಾದದ್ದು ಇಷ್ಟೇ.

ಇಷ್ಟೇ ಎಂದರೆ ಎಷ್ಟು ಕಷ್ಟ! ಚಾಪೆ, ಹಳೆಯ ಬೆಡ್‌ಶೀಟು ಹಾಸಿಕೊಂಡು ಹುಲ್ಲಿನ ಮೇಲೆ ಬೆನ್ನು ಚೆಲ್ಲುತ್ತಾರೆ. ದುಪಟ್ಟಾವನ್ನು ಕಾಲಿನವರೆಗೂ ಎಳೆದುಕೊಳ್ಳುತ್ತಾರೆ. ತರಗೆಲೆ ಸರಕ್ಕೆಂದರೆ ಕಣ್ಣು ತೆರೆಯುತ್ತದೆ. ಯಾರೋ ಹತ್ತಿರ ಬಂದಂತೆ, ನಿಂತಂತೆ. ನೋಡಿದರೆ ಕಡಲೆಕಾಯಿ ಮಾರುವವನು ತನ್ನ ಪಾಡಿಗೆ ಹೋಗುತ್ತಿರುತ್ತಾನೆ. ಕುತ್ತಿಗೆಯ ಬಿಗಿ ಸಡಿಲವಾಗಲು ಬಹಳ ಹೊತ್ತು ಬೇಕು. ಮೈಗೆ ಅಷ್ಟು ವರ್ಷಗಳ ಕಾವಲು ಅಭ್ಯಾಸವಾಗಿದೆ. ಕೆಲವರಿಗೆ ನಿದ್ದೆ ಬರುವುದೇ ಇಲ್ಲ, ಆಕಾಶ ನೋಡಿಕೊಂಡು ಏಳುತ್ತಾರೆ. ನಿದ್ದೆ ಬಂದವರು ಎದ್ದಾಗ ಮೊದಲು ಕೈಯಾಡಿಸುವುದು ಬಟ್ಟೆ ಸರಿಯಿದೆಯೇ ಎಂದು. ದೆಹಲಿಯ ಬಸ್ಸಿನಲ್ಲಿ 2012ರ ಡಿಸೆಂಬರ್ 16ರಂದು ನಡೆದ ಅತ್ಯಾಚಾರದ ನೆನಪಿನಲ್ಲಿ ಅದೇ ದಿನಾಂಕದಂದು ಹಲವು ಊರುಗಳ ಪಾರ್ಕುಗಳಲ್ಲಿ ಹೆಂಗಸರು ಹೀಗೆ ಮಲಗಿದ್ದಾರೆ. ಮೇಣದಬತ್ತಿಯ ಮೆರವಣಿಗೆಗಿಂತ ಈ ನಿದ್ದೆಗೆ ಹೆಚ್ಚು ಧೈರ್ಯ ಬೇಕೆಂದು ನನ್ನ ಭಾವನೆ.

ಇಲ್ಲೊಂದು ಮಾತು ಸೇರಿಸದಿದ್ದರೆ ತಪ್ಪಾಗುತ್ತದೆ. ಇದೇ ಊರಿನಲ್ಲಿ ಮೇಲ್ಸೇತುವೆಯ ಕೆಳಗೆ, ಕಟ್ಟಡದ ಕೆಲಸ ನಡೆಯುವ ಕಡೆ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬಯಲಲ್ಲೇ ಮಲಗುವ ಹೆಂಗಸರಿದ್ದಾರೆ. ಅವರ ಪಾಲಿಗೆ ಬಯಲಿನ ನಿದ್ದೆ ಆಯ್ಕೆಯಲ್ಲ, ಅವರ ಕಾವಲಿಗೆ ಬಿಡುವೂ ಇಲ್ಲ. ಎದೆಯ ಮೇಲಿನ ಇಂಗ್ಲಿಷ್ ಅಕ್ಷರ ಅವರಿಗೆ ಓದಲು ಬರುವುದಿಲ್ಲ. ಪೀಣ್ಯದ ಕಡೆಗೂ ಮೈಸೂರು ರಸ್ತೆಯ ಕಡೆಗೂ ಬೆಳಗಿನ ಬಸ್ಸಿನಲ್ಲಿ ತುಂಬಿಕೊಂಡು ಹೋಗುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬಸ್ಸಿನೊಳಗೆ ಒತ್ತಿಕೊಳ್ಳುವ ಮೈಯನ್ನೂ, ಕಾರ್ಖಾನೆಯೊಳಗೆ ಸೂಪರ್‌ವೈಸರನ ಬಾಯನ್ನೂ ಒಂದೇ ದಿನದಲ್ಲಿ ಸಹಿಸಬೇಕು. ನಗರದ ಕಲೆ ಅವರವರೆಗೆ ಹೋಗಿ ತಲುಪಬೇಕಾದ ದೂರ ಇನ್ನೂ ಇದೆ. ಆ ದೂರವನ್ನು ಕಡಿಮೆ ಮಾಡಬಲ್ಲದ್ದು ಬ್ಲ್ಯಾಂಕ್ ನಾಯ್ಸ್‌ನದೇ ಇನ್ನೊಂದು ಕೆಲಸ ಎಂದು ನಾನು ನಂಬಿದ್ದೇನೆ. ಏಕೆಂದರೆ ಅದಕ್ಕೆ ಅಕ್ಷರ ಬೇಡ, ಬಟ್ಟೆ ಸಾಕು.

‘ಐ ನೆವರ್ ಆಸ್ಕ್ ಫಾರ್ ಇಟ್’, ನಾನದನ್ನು ಬೇಡಿದ್ದಿಲ್ಲ, ಎಂಬುದು ಆ ಕೆಲಸದ ಹೆಸರು. ಕಿರುಕುಳ ಅಥವಾ ಹಿಂಸೆ ನಡೆದಾಗ ನೀವು ತೊಟ್ಟಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಹೆಂಗಸರಲ್ಲಿ ಕೇಳುತ್ತಾರೆ. ಬಂದ ಬಟ್ಟೆಗಳನ್ನು ಸಾಲಾಗಿ ತೂಗುಹಾಕುತ್ತಾರೆ. ಇಸ್ತ್ರಿಯ ಗೆರೆ ಇನ್ನೂ ಮಾಸದ ಸ್ಕೂಲ್ ಯೂನಿಫಾರ್ಮು. ಹತ್ತಿಯ ಸಲ್ವಾರ್ ಕಮೀಜು, ಸೀರೆ, ಜೀನ್ಸು. ಬೀದಿಯ ಜನರ ನಡುವೆ ಮರೆಯಾಗಲೆಂದೇ ಕೊಂಡ ಸಡಿಲ ಕುರ್ತಾ. ಈ ಸಾಲಿನ ಮುಂದೆ ಮೊದಲ ಬಾರಿ ನಿಲ್ಲುವವರು ಏನೋ ಒಂದು ವಿಶೇಷವನ್ನು ಹುಡುಕುತ್ತಾರೆ. ಹರಿದ ತೋಳು, ಚಿಕ್ಕ ಲಂಗ, ಏನಾದರೂ ಒಂದು ಕಾರಣ. ಸಿಗುವುದಿಲ್ಲ. ನಮ್ಮ ಮನೆಯ ಹಿತ್ತಲಿನ ತಂತಿಯ ಮೇಲೆ ಭಾನುವಾರ ಒಣಗುವ ಬಟ್ಟೆಗಳಂತೆಯೇ ಇವೆ ಇವು. ‘ಹೇಗೆ ಹೋಗಿದ್ದಳಂತೆ?’ ಎಂದು ಪಡಸಾಲೆಯಲ್ಲಿ ಕೂತು ಕೇಳುವ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಯಾವ ಭಾಷಣದಲ್ಲೂ ನನಗೆ ಸಿಕ್ಕಿಲ್ಲ.

ಆ ಬಟ್ಟೆಗಳನ್ನು ಅವರು ಎಷ್ಟೋ ವರ್ಷ ಏಕೆ ಇಟ್ಟುಕೊಂಡಿದ್ದರು? ಬಿಸಾಡಿದರೆ ಮನೆಯಲ್ಲಿ ಏಕೆಂದು ಕೇಳುತ್ತಾರೆ, ತೊಡಲು ಮನಸ್ಸು ಬರುವುದಿಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ, ಟ್ರಂಕಿನ ತಳದಲ್ಲಿ ಅದು ಉಳಿದುಬಿಡುತ್ತದೆ. ತಂದು ಕೊಡುವ ದಿನ ಅದನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುವುದೂ ಉಂಟು, ಕೂತು ಕತೆ ಹೇಳುವುದೂ ಉಂಟು. ಕೇಳುವವರು ಸಲಹೆ ಕೊಡುವಂತಿಲ್ಲ, ಕೇಳಿಸಿಕೊಳ್ಳಬೇಕು. ಇಂಥ 10,000 ಉಡುಪುಗಳನ್ನು ದೆಹಲಿಯ ಇಂಡಿಯಾ ಗೇಟ್ ಬಳಿ ಒಟ್ಟಿಗೆ ನಿಲ್ಲಿಸಬೇಕೆಂಬುದು ಬ್ಲ್ಯಾಂಕ್ ನಾಯ್ಸ್ ಹಾಕಿಕೊಂಡ ಗುರಿ.

ಈ ಬಟ್ಟೆಗಳ ಸಾಲು ದೂರದ ಇನ್ನೊಂದು ಸಾಲನ್ನು ನೆನಪಿಸುತ್ತದೆ. ಬಟ್ಟೆ ಒಣಗಿಸುವ ಹಗ್ಗವನ್ನೇ ಕಲೆಯಾಗಿಸಿದವರು ಮೆಕ್ಸಿಕೊದ ಕಲಾವಿದೆ ಮೋನಿಕಾ ಮೇಯರ್. 1978ರಲ್ಲಿ ಮೆಕ್ಸಿಕೊ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರು ಹಗ್ಗ ಕಟ್ಟಿದರು. ಹೆಣ್ಣಾಗಿ ಈ ನಗರದಲ್ಲಿ ನಿಮಗೆ ಅತ್ಯಂತ ಇಷ್ಟವಾಗದ್ದು ಏನು ಎಂದು ಸುಮಾರು 800 ಹೆಂಗಸರನ್ನು ಕೇಳಿ, ಗುಲಾಬಿ ಚೀಟಿಗಳಲ್ಲಿ ಅವರು ಬರೆದುಕೊಟ್ಟ ಉತ್ತರಗಳನ್ನು ಕ್ಲಿಪ್ಪು ಹಾಕಿ ತೂಗಿಸಿದರು. ಬಹುಪಾಲು ಉತ್ತರಗಳು ಬಸ್ಸಿನದು, ಬೀದಿಯದು, ಮೈಮುಟ್ಟುವ ಕೈಗಳದು. ನೋಡಲು ಬಂದ ಹೆಂಗಸರು ತಾವೂ ಬರೆದು ಸಿಕ್ಕಿಸಿ ಹೋದರು. ನಲವತ್ತು ವರ್ಷಗಳ ನಂತರ, 2018ರಲ್ಲಿ, ಆ ಹಗ್ಗ ಕೊಚ್ಚಿಯ ಬಿನಾಲೆಗೂ ಬಂತು.

ಬೆಂಗಳೂರಿಗೆ ಮರಳೋಣ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೊಸವರ್ಷಕ್ಕೆಂದು ಸೇರಿದ್ದ ಗುಂಪಿನ ನಡುವೆ ಹೆಣ್ಣುಮಕ್ಕಳ ಮೇಲೆ ಕೈಗಳು ಬಿದ್ದವು. ಮರುದಿನಗಳಲ್ಲಿ ಅಧಿಕಾರದಲ್ಲಿದ್ದವರ ಬಾಯಿಂದಲೇ ಪಾಶ್ಚಾತ್ಯ ಉಡುಪಿನ ಮಾತು ಬಂತು. ಮೂರು ವಾರಗಳೊಳಗೆ, 2017ರ ಜನವರಿ 21ರಂದು, ‘ನಾನು ಹೊರಗೆ ಹೋಗುತ್ತೇನೆ’ ಎನ್ನುತ್ತಾ ದೇಶದ ಹಲವು ನಗರಗಳಲ್ಲಿ ಹೆಂಗಸರು ಬೀದಿಗಿಳಿದರು. ಕಪಾಟಿನ ತಳದ ಯೂನಿಫಾರ್ಮು ಆಗಲೇ ಆ ಉಡುಪಿನ ಮಾತಿಗೆ ಉತ್ತರ ಕೊಟ್ಟಾಗಿತ್ತು. ಕೊಟ್ಟ ಉತ್ತರವನ್ನು ಓದುವ ತಾಳ್ಮೆ ಅಧಿಕಾರಕ್ಕಿರಲಿಲ್ಲ.

ಇದೆಲ್ಲ ಬೀದಿಯ ವಿಷಯ ಎಂದು ಮನೆಯೊಳಗಿರುವವರು ನೆಮ್ಮದಿಯಾಗಿರುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳನ್ನು ತೆರೆದರೆ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವನು. ಯಲಹಂಕದ ಓಣಿಗೆ ಅಡ್ಡಹೆಸರಿಟ್ಟ ನಾವು ನಮ್ಮ ಪಡಸಾಲೆಗೆ ಯಾವ ಹೆಸರನ್ನೂ ಇಟ್ಟಿಲ್ಲ. ತೂಗುಹಾಕಿದ ಬಟ್ಟೆಗಳಲ್ಲಿ ಮನೆಯಲ್ಲಿ ತೊಡುವ ಬಟ್ಟೆಯೂ ಸೇರುತ್ತದೆ ಎಂಬುದೇ ಈ ಕಲೆಯ ಅತ್ಯಂತ ಕಠಿಣ ಸತ್ಯ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ತಂಗಿಯೋ, ಮಗಳೋ, ಮನೆಗೆಲಸಕ್ಕೆ ಬರುವ ಹೆಂಗಸೋ ಎಂದಾದರೂ ಬಾಯಿಬಿಟ್ಟರೆ, ಎಷ್ಟು ಹೊತ್ತಿಗೆ ಹೋಗಿದ್ದೆ, ಏನು ಹಾಕಿಕೊಂಡಿದ್ದೆ ಎಂದು ಕೇಳಬೇಡಿ. ಅವಳು ಹೇಳಿದ್ದನ್ನು ಮೊದಲು ನಂಬಿ. ದೂರು ಕೊಡಲು ಠಾಣೆಗೆ ಹೊರಟರೆ ಜತೆಗೆ ಹೋಗಿ.