ಕಾದಂಬರಿಯ ಒಳಗನ್ನು ಮಕ್ಕಳಿಗೆ ತೋರುವ ಬಗೆ

ಹೈದರಾಬಾದಿನಂಥ ನಗರದಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಮಕ್ಕಳಿಗೆ ಕಾದಂಬರಿಯೊಂದರ ಕಥಾಸಾರ ಹೇಳಿಬಿಡುವುದು ಸುಲಭ. ಆದರೆ ಸಾರವನ್ನು ತಿಳಿದವರು ಮೂಲವನ್ನು ತೆರೆಯುವುದು ಅಪರೂಪ. ಆದ್ದರಿಂದ ಪಾತ್ರ, ಆವರಣ, ನಿರೂಪಣೆ, ಸಂಕೇತ ಮೊದಲಾದ ಅಂಗಗಳನ್ನು ನಾವು ಅವರಿಗೆ ಪರಿಚಯಿಸಬೇಕು, ವ್ಯಾಖ್ಯೆಗಳಿಂದಲ್ಲ, ಪ್ರಶ್ನೆಗಳಿಂದ.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ತೆಗೆದುಕೊಳ್ಳೋಣ. ಚೋಮನಲ್ಲಿ ಜೋಡಿ ಎತ್ತುಗಳಿವೆ. ಅಸ್ಪೃಶ್ಯನೆಂಬ ಕಾರಣಕ್ಕೆ ಗೇಣಿಗೆ ಭೂಮಿ ಮಾತ್ರ ದೊರೆಯದು. ‘ಅವನು ದುಡಿ ಬಾರಿಸುವುದು ಯಾವಾಗ?’ ಎಂದು ಕೇಳಿ, ಆ ಪುಟಗಳನ್ನು ಗುರುತಿಸಲು ಹೇಳೋಣ. ಬಾಯಿಬಿಟ್ಟು ಹೇಳಲಾಗದ ಸಂಕಟವೇ ದುಡಿಯಾಗಿ ನುಡಿಯುತ್ತಿದೆಯೆಂದು ಮಕ್ಕಳೇ ಕಂಡುಕೊಂಡಾಗ, ‘ಇದಕ್ಕೆ ಸಂಕೇತವೆಂದು ಹೆಸರು’ ಎಂದರೆ ಸಾಕು.

ಗದ್ದೆಯನ್ನೇ ಕಾಣದ ಮಕ್ಕಳಿಗೆ ಆವರಣ ಮತ್ತು ನಿರೂಪಣೆಯನ್ನು ನಮ್ಮ ಬೇಗಂ ಬಜಾರ್ ಕಲಿಸಬಲ್ಲದು. ಅಲ್ಲಿನ ಒಂದೇ ಬೀದಿಯನ್ನು ಸಗಟು ವ್ಯಾಪಾರಿ, ಮೂಟೆ ಹೊರುವ ಹಮಾಲಿ, ಮದುವೆಗೆ ಪಾತ್ರೆ ಕೊಳ್ಳಬಂದ ಗೃಹಿಣಿ ಈ ಮೂವರ ಕಣ್ಣಿನಿಂದ ಐದೈದು ವಾಕ್ಯಗಳಲ್ಲಿ ಬರೆಸೋಣ. ಬೀದಿ ಒಂದೇ, ಕಥೆ ಮೂರು. ಬಳಿಕ ಚೋಮನ ಕಥೆಯನ್ನು ಮಗಳು ಬೆಳ್ಳಿಯೋ ಧಣಿ ಸಂಕಪ್ಪಯ್ಯನೋ ಹೇಳಿದ್ದರೆ ಏನು ಬದಲಾಗುತ್ತಿತ್ತೆಂದು ಕೇಳೋಣ.

ಇದಕ್ಕೆ ಕಥಾಸಾರದಲ್ಲಿ ಉತ್ತರವಿಲ್ಲ, ಮೂಲವನ್ನೇ ಓದಬೇಕು. ಮನೆಮಾತು ಓದಿನ ಭಾಷೆಯಾಗಿಯೂ ಉಳಿಯುವುದು ಹೀಗೆಯೇ.